ಜಂಪ್ ಜಾಕಿಗೆ ದುಡ್ಡೆಷ್ಟು, ಪೆಟ್ಟೆಷ್ಟು?

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಅಣ್ಣನ ಮಗನಿಗೆ 22 ವರ್ಷ. ಮೈಸೂರು ರೇಸ್‌ಕೋರ್ಸ್‌ನಲ್ಲಿ ರೈಡಿಂಗ್ ಬಾಯ್ ಆಗಿದ್ದ. ಎರಡು ವರ್ಷದಿಂದ ಇಂಗ್ಲೆಂಡಿನ ಒಂದು ಲಾಯದಲ್ಲಿ ಕೆಲಸ ಮಾಡ್ತಿದ್ದಾನೆ. ಈಗ ಅಲ್ಲೇ ಜಂಪ್ ಜಾಕಿ, ಅಂದ್ರೆ ಬೇಲಿ ಹಾರಿಸೋ ರೇಸಿನ ಸವಾರ, ಆಗ್ತೀನಿ ಅಂತ ಹಠ ಹಿಡಿದಿದ್ದಾನೆ. ಒಂದು ರೇಸಿಗೆ 20 ಸಾವಿರ ರೂಪಾಯಿಗೂ ಜಾಸ್ತಿ ಕೊಡ್ತಾರಂತೆ. ಅತ್ತಿಗೆ ಫೋನಲ್ಲಿ ಯಾವುದೋ ವಿಡಿಯೋ ನೋಡಿದಾಗಿನಿಂದ ಸರಿಯಾಗಿ ಊಟ ಮಾಡ್ತಿಲ್ಲ. ನಿಜವಾಗಿ ಎಷ್ಟು ದುಡ್ಡು ಬರುತ್ತೆ, ಎಷ್ಟು ಅಪಾಯ ಅಂತ ಬಿಡಿಸಿ ಹೇಳ್ತೀರಾ?
(ಮೈಸೂರಿನಿಂದ ಒಬ್ಬ ಓದುಗರು)

ಉತ್ತರ: ನಿಮ್ಮ ಹುಡುಗ ಸುಳ್ಳು ಹೇಳಿಲ್ಲ ಅಮ್ಮ. ಬ್ರಿಟನ್ನಿನಲ್ಲಿ ಜಂಪ್ ಜಾಕಿ ಒಂದು ಸಲ ಕುದುರೆ ಹತ್ತಿದರೆ ಸುಮಾರು 200 ಪೌಂಡ್ ಫೀಸು. ಗೆದ್ದರೂ ಅಷ್ಟೇ, ಕೊನೆಗೆ ಬಂದರೂ ಅಷ್ಟೇ, ಮೊದಲನೇ ಬೇಲಿಯಲ್ಲೇ ಬಿದ್ದರೂ ಅಷ್ಟೇ. ನಮ್ಮ ಲೆಕ್ಕದಲ್ಲಿ 20 ಸಾವಿರ ದಾಟುತ್ತದೆ. ಆದರೆ ಅದು ಸಂಬಳ ಅಲ್ಲ. ಅಲ್ಲಿ ಜಾಕಿ ಯಾರ ನೌಕರನೂ ಅಲ್ಲ, ಸ್ವಂತ ಲೆಕ್ಕದಲ್ಲಿ ದುಡಿಯುವವನು. ಹತ್ತಿದ ದಿನ ದುಡ್ಡು, ಹತ್ತದ ದಿನ ಸೊನ್ನೆ. ಇದೊಂದು ಮಾತು ಅತ್ತಿಗೆಗೂ ಹುಡುಗನಿಗೂ ಅರ್ಥವಾದರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ.

ನಾನು ಮೈಸೂರಿನಲ್ಲೇ ಕುದುರೆ ಹತ್ತೋದು ಕಲಿತವನು. ಆಮೇಲೆ ಇಂಗ್ಲೆಂಡಿನ ಲ್ಯಾಂಬೋರ್ನ್ ಅನ್ನೋ ಹಳ್ಳಿಯಲ್ಲಿ ಕೆಲವು ಚಳಿಗಾಲ ಬೆಳಗಿನ ಸವಾರಿ ಮಾಡಿದೆ. ಊರಿನ ತುಂಬ ಲಾಯಗಳೇ, ಜನಕ್ಕಿಂತ ಕುದುರೆಗಳೇ ಜಾಸ್ತಿ ಅನ್ನಿಸುವ ಊರು. ನನ್ನ ಜೊತೆ ಬೆಳಿಗ್ಗೆ ಸವಾರಿ ಮಾಡ್ತಿದ್ದ ಒಬ್ಬ ಜಾಕಿ ಇದ್ದ, ದೊಡ್ಡ ಹೆಸರೇನಲ್ಲ. ಅವನ ಒಂದು ಮಂಗಳವಾರದ ಲೆಕ್ಕ ಹೇಳ್ತೀನಿ ಕೇಳಿ. ಇನ್ನೂ ಕತ್ತಲಿರುವಾಗಲೇ ಲಾಯಕ್ಕೆ ಬಂದು ಮೂರು ಕುದುರೆ ಓಡಿಸುತ್ತಿದ್ದ, ಅದಕ್ಕೆ ಹೆಚ್ಚೇನೂ ಸಿಗದು, ಟ್ರೇನರ್ ಕಣ್ಣಿಗೆ ಬಿದ್ದರೆ ನಾಳೆ ರೇಸಿಗೆ ಕುದುರೆ ಕೊಟ್ಟಾನು ಅನ್ನೋ ಆಸೆ ಅಷ್ಟೇ. ಆಮೇಲೆ ಹೋಗಿಬರುವುದು ಸೇರಿ 300 ಮೈಲಿ ಕಾರು ಓಡಿಸಿ ಯಾವುದೋ ಸಣ್ಣ ರೇಸ್‌ಕೋರ್ಸಿಗೆ. ಅಲ್ಲಿ ಎರಡು ರೈಡ್, ಅಂದ್ರೆ ಎರಡು ರೇಸಿನಲ್ಲಿ ಸವಾರಿ. ಕೈಗೆ 400 ಪೌಂಡ್ ಅಂತ ಕಾಗದದಲ್ಲಿ. ಅದರಲ್ಲಿ ರೈಡ್ ಹುಡುಕಿಕೊಡುವ ಏಜೆಂಟಿಗೆ ಶೇ. 10. ವೇಯಿಂಗ್ ರೂಮಿನಲ್ಲಿ, ಅಂದ್ರೆ ಜಾಕಿಗಳು ತೂಕ ನೋಡಿಸಿ ಬಟ್ಟೆ ಬದಲಿಸುವ ಕೋಣೆಯಲ್ಲಿ, ಜೀನು, ಬೂಟು, ಬಟ್ಟೆ ತೊಳೆದು ಜೋಡಿಸಿಡುವ ವ್ಯಾಲೆಟ್‌ಗೆ ಹೆಚ್ಚುಕಮ್ಮಿ ಅಷ್ಟೇ. ಜಾಕಿಗಳ ಸಂಘಕ್ಕೆ ಒಂದಿಷ್ಟು. ಪೆಟ್ರೋಲು. ಎಲ್ಲ ಕಳೆದು 250 ಪೌಂಡ್ ಉಳಿದರೆ ಪುಣ್ಯ, ಅದರ ಮೇಲೆ ತೆರಿಗೆ ಬೇರೆ. ಹದಿನಾಲ್ಕು ಗಂಟೆಯ ದಿನ, ಅದರಲ್ಲಿ ಕುದುರೆ ಮೇಲೆ ರೇಸ್ ಓಡಿದ್ದು ಹತ್ತು ನಿಮಿಷ.

ಗೆದ್ದರೆ ಬಹುಮಾನದಲ್ಲಿ ಪಾಲು ಇದೆ, ಸುಮಾರು ಶೇ. 8ರಿಂದ 9. ಲಿವರ್‌ಪೂಲ್ ಹತ್ತಿರ ಏಂಟ್ರಿಯಲ್ಲಿ ನಡೆಯುವ ಗ್ರ್ಯಾಂಡ್ ನ್ಯಾಷನಲ್‌ನಲ್ಲಿ ಗೆದ್ದ ಕುದುರೆಗೆ 5 ಲಕ್ಷ ಪೌಂಡ್, ಅಂದ್ರೆ ಆ ಹತ್ತು ನಿಮಿಷಕ್ಕೆ ಜಾಕಿಗೆ 40 ಸಾವಿರ ಪೌಂಡ್ ದಾಟುತ್ತದೆ. ಎಲ್ಲರ ಕಣ್ಣಿಗೆ ಬೀಳೋದು ಅದೇ. ಆದರೆ ನಮ್ಮ ಮಂಗಳವಾರದ ರೇಸಿನಲ್ಲಿ ಗೆದ್ದ ಕುದುರೆಗೇ 4 ಸಾವಿರ ಪೌಂಡ್ ಆಸುಪಾಸು. ಅದರಲ್ಲಿ ಜಾಕಿಯ ಪಾಲು ಮುನ್ನೂರು ಚಿಲ್ಲರೆ. ಅದೂ ಗೆದ್ದರೆ.

ವರ್ಷಕ್ಕೆ 200 ರೈಡ್ ಸಿಕ್ಕವನು ಪರವಾಗಿಲ್ಲ ಅನ್ನುವ ಜಾಕಿ. 40 ಸಾವಿರ ಪೌಂಡ್ ಫೀಸು, ಖರ್ಚು ಕಳೆದು 25 ಸಾವಿರ ಉಳಿಯಬಹುದು, ಗೆದ್ದ ಪಾಲು ಅದರ ಮೇಲೆ. ಬ್ರಿಟನ್ನಿನಲ್ಲಿ ಅದು ಸಾಧಾರಣ ನೌಕರಿಯ ದುಡ್ಡು. ವರ್ಷಕ್ಕೆ 100 ರೈಡ್ ಕೂಡ ಸಿಗದ ಜಾಕಿಗಳು ಬೇಕಾದಷ್ಟಿದ್ದಾರೆ. ಅವರು ಲಾಯದ ಕೆಲಸ ಮಾಡಿಕೊಂಡೇ ಹೊಟ್ಟೆ ಹೊರೆಯಬೇಕು.

ಈಗ ಪೆಟ್ಟಿನ ವಿಷಯ. ಹರ್ಡಲ್ ಅಂದರೆ ಮೂರೂವರೆ ಅಡಿಯ ಬೇಲಿ, ಕುದುರೆ ತಾಗಿದರೆ ಸ್ವಲ್ಪ ಬಾಗುತ್ತದೆ. ಫೆನ್ಸ್ ಅಂದರೆ ಕನಿಷ್ಠ ನಾಲ್ಕೂವರೆ ಅಡಿ, ಒತ್ತಾಗಿ ತುಂಬಿದ ಕಡ್ಡಿ ಸೊಪ್ಪಿನ ಗೋಡೆ. ಅತಿ ಚಿಕ್ಕದಾದ ಎರಡು ಮೈಲಿ ರೇಸಿನಲ್ಲೂ ಇಂಥ ಹನ್ನೆರಡು ಹಾರಬೇಕು, ಗ್ರ್ಯಾಂಡ್ ನ್ಯಾಷನಲ್‌ನಲ್ಲಿ 30. ಅರ್ಧ ಟನ್ ತೂಕದ ಪ್ರಾಣಿ, ಸುಮಾರು 45-50 ಕಿಲೋಮೀಟರ್ ವೇಗ. ಸರಾಸರಿ 15-16 ರೈಡಿಗೆ ಒಂದು ಸಲ ಬೀಳುತ್ತಾರೆ. 200 ರೈಡ್ ಮಾಡುವವನು ತಿಂಗಳಿಗೊಮ್ಮೆ ಬೀಳ್ತಾನೆ ಅಂತಾಯ್ತು. ಐದಾರು ಸಲ ಬಿದ್ದರೆ ಒಂದು ಸಲ ಗಾಯ. ವರ್ಷಕ್ಕೆ ಎರಡು ಗಾಯ ಅಂದುಕೊಳ್ಳಿ.

ಜಾಸ್ತಿ ಮುರಿಯೋದು ಕಾಲರ್ ಬೋನ್. ಕುದುರೆ ಮುಗ್ಗರಿಸಿದಾಗ ಜಾಕಿ ಅದರ ಭುಜದ ಮೇಲಿಂದ ಮುಂದಕ್ಕೆ ಚಿಮ್ಮುತ್ತಾನೆ, ಕೈ ತಾನಾಗಿ ನೆಲಕ್ಕೆ ಹೋಗುತ್ತದೆ, ಪೆಟ್ಟು ಕೈಯಿಂದ ಮೇಲೇರಿ ಆ ತೆಳು ಮೂಳೆಯಲ್ಲಿ ನಿಲ್ಲುತ್ತದೆ. ನಾನು ಹೇಳಿದ ಆ ಜಾಕಿ ಒಂದು ಸಂಜೆ ಮೈಯೆಲ್ಲ ಕೆಸರಾಗಿ ವೇಯಿಂಗ್ ರೂಮಿಗೆ ಬಂದ. ಡಾಕ್ಟರು ಕೇಳಿದರೆ ‘ಏನಿಲ್ಲ, ಸ್ವಲ್ಪ ಉಳುಕು’ ಅಂದ. ಮುಂದಿನ ರೇಸಿನಲ್ಲಿ ಅವನಿಗೆ ಒಳ್ಳೆಯ ಕುದುರೆ ಇತ್ತು, ಅದನ್ನ ಬಿಟ್ಟುಕೊಡೋಕೆ ಮನಸ್ಸಿಲ್ಲ. ಡಾಕ್ಟರು ಒಂದು ಲೋಟ ಟೀ ಕೈಗೆ ಕೊಟ್ಟರು. ಬಲಗೈ ಎದೆಯ ತನಕ ಬಂತು, ಬಾಯಿಗೆ ಬರಲಿಲ್ಲ. ಹಣೆಯಲ್ಲಿ ಬೆವರು. ಅವನ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ಬರೆದರು. ಅದನ್ನ ಅಲ್ಲಿ ರೆಡ್ ಎಂಟ್ರಿ ಅಂತಾರೆ. ಡಾಕ್ಟರು ಮತ್ತೆ ಸರಿ ಅನ್ನುವವರೆಗೆ ಯಾವ ರೇಸ್‌ಕೋರ್ಸಿನಲ್ಲೂ ಹತ್ತುವಂತಿಲ್ಲ. ಆ ಕುದುರೆಗೆ ಇನ್ನೊಬ್ಬ ಹತ್ತಿ ಗೆದ್ದ. ಮುಂದೆಯೂ ಅವನೇ ಹತ್ತಿದ. ನಮ್ಮವನಿಗೆ ಮೂಳೆ ನಾಲ್ಕು ವಾರಕ್ಕೆ ಕೂಡಿತು, ಕುದುರೆ ಮಾತ್ರ ವಾಪಸ್ ಬರಲಿಲ್ಲ.

ಹೊರಗಿನವರು ಮೂಳೆ ಎಣಿಸ್ತಾರೆ ಅಮ್ಮ. ಒಳಗಿನವರು ಎಣಿಸೋದು ತಪ್ಪಿಹೋದ ರೈಡ್‌ಗಳನ್ನ. ಎ.ಪಿ. ಮೆಕಾಯ್ ಅನ್ನೋ ಜಾಕಿ ಸತತ 20 ವರ್ಷ ಚಾಂಪಿಯನ್ ಆದವರು, 4,300ಕ್ಕೂ ಜಾಸ್ತಿ ಗೆಲುವು. 2008ರ ಜನವರಿಯಲ್ಲಿ ಬೆನ್ನುಮೂಳೆ ಮುರಿದುಕೊಂಡು, ಮಾರ್ಚ್‌ನಲ್ಲಿ ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ ನಡೆಯುವ ದೊಡ್ಡ ಜಂಪ್ ರೇಸಿಗೆ ವಾಪಸ್ ಬರಬೇಕು ಅಂತ ಕೊರೆಯುವ ಶೀತದ ಪೆಟ್ಟಿಗೆಯೊಳಗೆ ನಿಂತು ಚಿಕಿತ್ಸೆ ತಗೊಂಡರು, ಬಂದೂ ಬಿಟ್ಟರು. ಜನ ಇದನ್ನ ಧೈರ್ಯ ಅಂತಾರೆ. ಸರಿ, ಧೈರ್ಯವೇ. ಜೊತೆಗೆ ಜಾಗ ಹೋಗುತ್ತೆ ಅನ್ನೋ ಭಯವೂ ಅಲ್ವಾ? ಅಂಥ ಮನುಷ್ಯನಿಗೇ ಆ ಭಯ ಇದ್ದರೆ ನಿಮ್ಮ ಹುಡುಗನ ಕಥೆ ಯೋಚಿಸಿ.

ದೊಡ್ಡ ಪೆಟ್ಟುಗಳ ವಿಷಯ ಮುಚ್ಚಿಡೋಲ್ಲ. ಜೆ.ಟಿ. ಮೆಕ್‌ನಮಾರಾ 2013ರಲ್ಲಿ ಚೆಲ್ಟನ್‌ಹ್ಯಾಮ್‌ನಲ್ಲಿ ಬಿದ್ದು ಕುತ್ತಿಗೆಯ ಕೆಳಗೆ ಸ್ವಾಧೀನ ಕಳೆದುಕೊಂಡರು, 2016ರಲ್ಲಿ ತೀರಿಕೊಂಡರು. ಐರ್ಲೆಂಡಿನ ಮೈಕೆಲ್ ಒ'ಸಲಿವನ್ 2025ರ ಫೆಬ್ರವರಿಯಲ್ಲಿ ಥರ್ಲ್ಸ್‌ನಲ್ಲಿ ಬಿದ್ದು, ಹತ್ತು ದಿನ ಆಸ್ಪತ್ರೆಯಲ್ಲಿದ್ದು ಹೋಗಿಬಿಟ್ಟರು. 24 ವರ್ಷ. ಇಂಥದ್ದು ಅಪರೂಪ. ಆದರೆ ಅಪರೂಪ ಅನ್ನೋ ಮಾತು ಅತ್ತಿಗೆಗೆ ಸಮಾಧಾನ ಕೊಡುತ್ತೆ ಅಂತ ನಾನು ಅಂದುಕೊಂಡಿಲ್ಲ.

ಪ್ರಶ್ನೆ: ಬೇಲಿ ಇಲ್ಲದ ಬೆಂಗಳೂರಿನ ರೇಸ್ ಇದಕ್ಕಿಂತ ಎಷ್ಟೋ ಸೇಫ್ ಅಲ್ವಾ? ನಮ್ಮಲ್ಲಿ ಜಂಪ್ ರೇಸ್ ಯಾಕಿಲ್ಲ?
(ಬೆಂಗಳೂರಿನ ಓದುಗರು)

ಉತ್ತರ: ಬೆಂಗಳೂರು, ಮೈಸೂರು ಎರಡೂ ಕಡೆ ಓಡೋದು ಫ್ಲಾಟ್ ರೇಸ್. ಜಂಪ್ ರೇಸಿಗೆ ಮೆತ್ತಗಿನ ನೆಲ ಬೇಕು, ಅದಕ್ಕೇ ಬ್ರಿಟನ್ನಿನಲ್ಲಿ ಮಳೆ-ಚಳಿಯ ತಿಂಗಳುಗಳಲ್ಲೇ ಅದರ ಭರಾಟೆ. ನಮ್ಮ ಕುದುರೆಗಳನ್ನ ಸಾಕೋದೂ ಪಳಗಿಸೋದೂ ಫ್ಲಾಟ್ ಓಟಕ್ಕೇ.

ಸೇಫ್ ಅನ್ನೋದಕ್ಕೆ ಹೌದು ಮತ್ತು ಇಲ್ಲ. ಬ್ರಿಟನ್ನಿನ ಲೆಕ್ಕದಲ್ಲಿ ಫ್ಲಾಟ್ ಜಾಕಿ ಬೀಳೋದು ಹೆಚ್ಚುಕಮ್ಮಿ 250 ರೈಡಿಗೆ ಒಂದು ಸಲ. ಬಹಳ ಕಮ್ಮಿ. ಆದರೆ ಬಿದ್ದಾಗ ಗಾಯ ಆಗುವ ಸಾಧ್ಯತೆ ಜಂಪ್‌ಗಿಂತ ಜಾಸ್ತಿ. ವೇಗ ಜಾಸ್ತಿ, ನೆಲ ಗಟ್ಟಿ, ಎಲ್ಲಕ್ಕಿಂತ ಮುಖ್ಯವಾಗಿ ಬೀಳ್ತೀನಿ ಅನ್ನೋ ಸುಳಿವೇ ಇರೋದಿಲ್ಲ. ಜಂಪ್ ಜಾಕಿಗೆ ಪ್ರತಿ ಬೇಲಿಯೂ ಒಂದು ಎಚ್ಚರಿಕೆ. ಬಿದ್ದ ತಕ್ಷಣ ಗಲ್ಲ ಎದೆಗೆ ಒತ್ತಿ, ಕೈಕಾಲು ಒಳಗೆಳೆದು, ಚೆಂಡಿನ ಹಾಗೆ ಉರುಳಬೇಕು, ಹಿಂದಿನ ಕುದುರೆಗಳೆಲ್ಲ ದಾಟುವ ತನಕ ಅಲುಗಬಾರದು. ಕುದುರೆ ಸಾಧ್ಯವಾದಷ್ಟು ಮನುಷ್ಯನನ್ನ ತುಳಿಯದೆ ಹಾರೋಕೆ ನೋಡುತ್ತೆ. ಎದ್ದು ಓಡೋಕೆ ಹೋದವನಿಗೇ ಗೊರಸಿನ ಏಟು ಜಾಸ್ತಿ. ಇದನ್ನ ಈಗ ಮೆತ್ತನೆ ಚಾಪೆ ಹಾಸಿ, ಜಿಮ್ನಾಸ್ಟಿಕ್ಸ್ ಥರ ಪಾಠ ಮಾಡಿ ಕಲಿಸ್ತಾರೆ.

ಗ್ರಹಾಂ ಲೀ ಅಂತ ಒಬ್ಬರು. ವರ್ಷಗಟ್ಟಲೆ ಜಂಪ್ ಮಾಡಿದರು, 2004ರಲ್ಲಿ ಗ್ರ್ಯಾಂಡ್ ನ್ಯಾಷನಲ್ ಗೆದ್ದರು, ಆಮೇಲೆ ಫ್ಲಾಟ್‌ಗೆ ಬಂದರು. 2023ರಲ್ಲಿ ನ್ಯೂಕ್ಯಾಸಲ್‌ನಲ್ಲಿ ಗೇಟು ತೆಗೆದ ಕ್ಷಣ ಕುದುರೆ ಮುಗ್ಗರಿಸಿ ಬಿದ್ದರು, ಸ್ವಾಧೀನ ಹೋಯಿತು. ಅಲ್ಲಿ ಬೇಲಿಯೇ ಇರಲಿಲ್ಲ.

ಪ್ರಶ್ನೆ: ನಾನು 68 ಕೆ.ಜಿ. ಇದ್ದೀನಿ, ಜಾಕಿ ಆಗಬಹುದಾ? ಕಂಬಳದಲ್ಲಿ ಓಡಿ ಅಭ್ಯಾಸ ಇದೆ.
(ಮೂಡುಬಿದಿರೆಯ ಓದುಗರು)

ಉತ್ತರ: ಕಂಬಳದಲ್ಲಿ ಕೋಣದ ಹಿಂದೆ ಓಡೋದು, ಇಲ್ಲಿ ಕುದುರೆ ಮೇಲೆ ಕೂರೋದು, ಅದೂ ಪೂರ್ತಿ ಕೂರೋದಲ್ಲ ಬಿಡಿ. ಫ್ಲಾಟ್‌ನಲ್ಲಿ 50 ಕೆ.ಜಿ. ಆಸುಪಾಸಿನವರೇ ಬೇಕು. ಜಂಪ್‌ನಲ್ಲಿ ಕುದುರೆ ಹೊರುವ ಕನಿಷ್ಠ ತೂಕವೇ ಸುಮಾರು 64 ಕೆ.ಜಿ., ಅದರಲ್ಲಿ ಜೀನೂ ಸೇರಿತು. ನಿಮ್ಮ 68ಕ್ಕೆ ಭಾರ ಜಾಸ್ತಿ ಹೊರುವ ಕುದುರೆಗಳಷ್ಟೇ ಸಿಗಬಹುದು, ಉಳಿದವು ಕೈತಪ್ಪುತ್ತವೆ. ಮೊದಲೆಲ್ಲ ಜಾಕಿಗಳು ರೇಸ್‌ಕೋರ್ಸಿನ ಬಿಸಿ ಕೋಣೆಯಲ್ಲಿ ಬೆವರಿ ಗಂಟೆಗೆ ಒಂದೆರಡು ಕೆ.ಜಿ. ಇಳಿಸಿಕೊಂಡು ಅದೇ ಸುಸ್ತಿನಲ್ಲಿ ಬೇಲಿ ಹಾರಿಸ್ತಿದ್ದರು. 2021ರಲ್ಲಿ ಬ್ರಿಟನ್ನಿನ ರೇಸ್‌ಕೋರ್ಸುಗಳಲ್ಲಿ ಆ ಸೌನಾಗಳನ್ನ ಶಾಶ್ವತವಾಗಿ ಮುಚ್ಚಿದರು. ಒಳ್ಳೆಯದೇ ಆಯ್ತು. ಆದರೆ ಮನೆಯಲ್ಲಿ ಬಿಸಿನೀರಿನ ತೊಟ್ಟಿಯಲ್ಲಿ ಕೂರೋರನ್ನ ತಡೆಯೋರ್ಯಾರು?

ಪ್ರಶ್ನೆ: ಬಿದ್ದು ಮನೆಯಲ್ಲಿ ಕೂತರೆ ಊಟಕ್ಕೇನು? ಯಾರಾದರೂ ನೋಡ್ಕೊಳ್ತಾರಾ? ಮತ್ತೆ ನಮ್ಮ ಹುಡುಗನಿಗೆ ಏನು ಹೇಳಲಿ?
(ಮೈಸೂರಿನ ಅದೇ ಓದುಗರು, ಎರಡನೇ ಪತ್ರದಲ್ಲಿ)

ಉತ್ತರ: ಈ ವಿಷಯದಲ್ಲಿ ಬ್ರಿಟನ್ನಿನವರನ್ನ ಮೆಚ್ಚಲೇಬೇಕು. ಗಾಯವಾದ ಜಾಕಿಗೆ ವಿಮೆಯಿಂದ ವಾರಕ್ಕಿಷ್ಟು ಅಂತ ಬರುತ್ತದೆ, ದುಡಿಮೆಯಷ್ಟು ಅಲ್ಲ, ಬಾಡಿಗೆ ಕಟ್ಟುವಷ್ಟು ಅನ್ನಿ. ಅದಲ್ಲದೆ ಇಂಜರ್ಡ್ ಜಾಕೀಸ್ ಫಂಡ್ ಅಂತ ಒಂದು ನಿಧಿ ಇದೆ. 1963 ಮತ್ತು 64ರಲ್ಲಿ ಏಂಟ್ರಿಯಲ್ಲಿ ಟಿಮ್ ಬ್ರೂಕ್‌ಶಾ, ಪ್ಯಾಡಿ ಫ್ಯಾರೆಲ್ ಅನ್ನೋ ಇಬ್ಬರು ಬಿದ್ದು ಬೆನ್ನು ಮುರಿದುಕೊಂಡಾಗ ಹುಟ್ಟಿದ್ದು. ಲ್ಯಾಂಬೋರ್ನ್, ಮಾಲ್ಟನ್, ನ್ಯೂಮಾರ್ಕೆಟ್ ಮೂರು ಕಡೆ ಅವರದ್ದೇ ಚಿಕಿತ್ಸಾ ಕೇಂದ್ರಗಳಿವೆ. ಬ್ರಯಾನ್ ಟೂಮಿ 2013ರಲ್ಲಿ ಸ್ಕಾಟ್ಲೆಂಡಿನ ಪರ್ತ್‌ನಲ್ಲಿ ಬಿದ್ದಾಗ ಉಸಿರೇ ನಿಂತಿತ್ತು ಅಂತಾರೆ, ಎರಡು ವರ್ಷ ಬಿಟ್ಟು ಮತ್ತೆ ರೇಸಿಗೆ ಇಳಿದರು. ರೇಚಲ್ ಬ್ಲ್ಯಾಕ್‌ಮೋರ್ 2021ರ ಏಪ್ರಿಲ್‌ನಲ್ಲಿ ಗ್ರ್ಯಾಂಡ್ ನ್ಯಾಷನಲ್ ಗೆದ್ದ ಮೊದಲ ಹೆಣ್ಣುಮಗಳು, ಜುಲೈನಲ್ಲಿ ಬಿದ್ದು ಕಾಲು, ಸೊಂಟ ಪೆಟ್ಟಾಗಿ ಮಲಗಿದರು, ಮುಂದಿನ ಮಾರ್ಚ್‌ನಲ್ಲಿ ಚೆಲ್ಟನ್‌ಹ್ಯಾಮ್ ಗೋಲ್ಡ್ ಕಪ್ ಗೆದ್ದರು. ಎದ್ದು ಬರುವವರೂ ಇದ್ದಾರೆ ಅಂತ ಅತ್ತಿಗೆಗೆ ಇದನ್ನೂ ಓದಿ ಹೇಳಿ.

ಹುಡುಗನಿಗೆ ಬೇಡ ಅನ್ನಬೇಡಿ, ಕೇಳೋಲ್ಲ. ಲೆಕ್ಕ ಕೇಳಿ. ಅವನ ಟ್ರೇನರ್ ವರ್ಷಕ್ಕೆ ಎಷ್ಟು ರೈಡ್ ಕೊಡ್ತಾರೆ ಅಂತ ಕೇಳಿ. ಹೊಸಬರಿಗೆ ಕುದುರೆ ಹೊರುವ ತೂಕದಲ್ಲಿ ರಿಯಾಯಿತಿ ಇದೆ, ಮೊದಲ 20 ಗೆಲುವಿನ ತನಕ 7 ಪೌಂಡ್ ತೂಕ ಕಮ್ಮಿ, ಆಮೇಲೆ 5, ಆಮೇಲೆ 3, ಆದರೆ 26 ವರ್ಷ ಆಗೋವರೆಗೆ ಮಾತ್ರ. ಅವನಿಗೆ ಈಗಲೇ 22. ನಾಲ್ಕು ಚಳಿಗಾಲ ಕೈಯಲ್ಲಿದೆ. ಆ ಕಾಲದಲ್ಲಿ ಫೀಸಿನಲ್ಲಿ ಟ್ರೇನರಿಗೂ ಪಾಲು ಹೋಗುತ್ತದೆ, ಅದೆಷ್ಟು ಅಂತ ಕಾಗದದಲ್ಲಿ ಬರೆಸಿಕೊಳ್ಳಲಿ. ಮತ್ತೆ ಅವನ ವೀಸಾ ಯಾವ ಕೆಲಸಕ್ಕೆ ಕೊಟ್ಟಿದ್ದು ಅನ್ನೋದನ್ನ ಲೈಸೆನ್ಸಿಗೆ ಅರ್ಜಿ ಹಾಕೋ ಮೊದಲೇ ವಕೀಲರ ಹತ್ತಿರ ಕೇಳಿಸಿ. ಲಾಯದ ನೌಕರ ಬೇರೆ, ಸ್ವಂತ ಲೆಕ್ಕದ ಜಾಕಿ ಬೇರೆ.

ಚಳಿಗಾಲದಲ್ಲಿ ಅಲ್ಲಿ ರೇಸು ಮುಗಿಯುವ ಹೊತ್ತಿಗೆ ನಿಮ್ಮಲ್ಲಿ ರಾತ್ರಿ ಊಟದ ಸಮಯ. ಅತ್ತಿಗೆ ಊಟ ಬಿಡೋದು ಆಗಲೇ ಅಂತ ನನ್ನ ಅನುಮಾನ. ರೇಸಿದ್ದ ದಿನ ನಿಮ್ಮ ರಾತ್ರಿ ಹತ್ತು ಗಂಟೆಯೊಳಗೆ ಒಂದು ಮೆಸೇಜ್ ಹಾಕಲೇಬೇಕು ಅಂತ ಅವನ ಹತ್ತಿರ ಮಾತು ತಗೊಳ್ಳಿ. ಗೆದ್ದೆ, ಸೋತೆ ಅಂತೆಲ್ಲ ಬೇಕಿಲ್ಲ. ‘ಇಳಿದೆ’ ಅಂತ ಒಂದು ಪದ ಹಾಕಿದರೆ ಸಾಕು.