4 ಟಿಬಿ ಡಿಸ್ಕ್ ತಂದರೆ 2 ಟಿಬಿ ಮಾತ್ರ ಕಾಣುತ್ತಿದೆ, ಉಳಿದದ್ದು ಎಲ್ಲಿ?

ಪ್ರಶ್ನೆ: ತಿಪಟೂರಿನಲ್ಲಿ ನನ್ನದೊಂದು ಚಿಕ್ಕ ಫೋಟೋ ಸ್ಟುಡಿಯೊ ಇದೆ. ಮದುವೆ ವಿಡಿಯೊ ಇಡಲು ಜಾಗ ಸಾಲದೆ 4 ಟಿಬಿಯ ಹೊಸ ಹಾರ್ಡ್ ಡಿಸ್ಕ್ ತಂದು ಹಳೆಯ ಡೆಸ್ಕ್‌ಟಾಪ್ ಒಳಗೆ ಹಾಕಿಸಿದೆ. ವಿಂಡೋಸ್ 10 ಇದೆ. ದಿಸ್ ಪಿಸಿಯಲ್ಲಿ ನೋಡಿದರೆ ಬರೀ 2 ಟಿಬಿ ತೋರಿಸುತ್ತಿದೆ. ಅಂಗಡಿಯವರು ‘ಒಂದ್ಸಲ ಫಾರ್ಮ್ಯಾಟ್ ಮಾಡಿ ನೋಡಿ’ ಅನ್ನುತ್ತಾರೆ. ಆದರೆ ಈ ಸೀಸನ್ನಿನ ವಿಡಿಯೊ ಎಲ್ಲಾ ಆಗಲೇ ಅದರಲ್ಲಿ ತುಂಬಿದ್ದೇನೆ. ಏನು ಮಾಡಲಿ ಸರ್?

ಉತ್ತರ: ದಯವಿಟ್ಟು ಫಾರ್ಮ್ಯಾಟ್ ಮಾಡಬೇಡಿ. ಮಾಡಿದರೆ ವಿಡಿಯೊ ಹೋಗುತ್ತದೆ, 2 ಟಿಬಿ ಮಾತ್ರ 2 ಟಿಬಿಯಾಗೇ ಉಳಿಯುತ್ತದೆ. ನಿಮ್ಮ ಡಿಸ್ಕ್ ಕೆಟ್ಟಿಲ್ಲ ಅಂತಲೇ ನನಗನ್ನಿಸುತ್ತದೆ. ಮೊದಲು ಅದನ್ನು ಕಣ್ಣಾರೆ ನೋಡಿ ಖಚಿತ ಮಾಡಿಕೊಳ್ಳಿ.

ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ, ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಕೆಳಗಡೆ ಒಂದೊಂದು ಡಿಸ್ಕಿಗೂ ಒಂದೊಂದು ಸಾಲು ಇರುತ್ತದೆ. ಹೊಸ ಡಿಸ್ಕಿನ ಸಾಲಿನಲ್ಲಿ ಎಡಗಡೆಯ ಬೂದು ಬಣ್ಣದ ಚೌಕ ನೋಡಿ. ಅಲ್ಲಿ 3726 ಜಿಬಿ ಆಸುಪಾಸು ಇದ್ದರೆ ಡಿಸ್ಕ್ ಪೂರ್ತಿ ಇದೆ ಎಂದರ್ಥ. ಅದರ ಬಲಕ್ಕೆ ನೀಲಿ ಪಟ್ಟಿಯಡಿ 2048 ಜಿಬಿ, ಆಮೇಲೆ ಕಪ್ಪು ಪಟ್ಟಿಯಡಿ 1678 ಜಿಬಿ ‘ಅನ್‌ಅಲೊಕೇಟೆಡ್’ ಅಂತ ಇರಬೇಕು. ನಿಮ್ಮ ಉಳಿದ ಜಾಗ ಅದೇ. ಆ ಕಪ್ಪು ಪಟ್ಟಿ ಮೇಲೆ ರೈಟ್ ಕ್ಲಿಕ್ ಮಾಡಿದರೂ ಹೊಸ ವಾಲ್ಯೂಮ್ (ದಿಸ್ ಪಿಸಿಯಲ್ಲಿ ಕಾಣುವ ಡ್ರೈವ್) ಮಾಡುವ ಆಯ್ಕೆ ಮಂಕಾಗೇ ಇರುತ್ತದೆ.

ಕಾರಣ ಎಂಬಿಆರ್. ಡಿಸ್ಕಿನಲ್ಲಿ ಯಾವ ಪಾರ್ಟಿಷನ್ (ಭಾಗ) ಎಲ್ಲಿ ಶುರು, ಎಷ್ಟು ಉದ್ದ ಎಂದು ಬರೆದಿಡುವ ಹಳೆಯ ಪದ್ಧತಿ ಇದು. 1983ರಲ್ಲಿ ಐಬಿಎಂ ಪಿಸಿ ಎಕ್ಸ್‌ಟಿ ಜೊತೆ ಬಂದದ್ದು. ಆ ಯಂತ್ರದ ಹಾರ್ಡ್ ಡಿಸ್ಕ್ ಇದ್ದದ್ದೇ 10 ಎಂಬಿ! ಇದರಲ್ಲಿ ಸೆಕ್ಟರ್, ಅಂದರೆ ಡಿಸ್ಕಿನ ಚಿಕ್ಕ ಚಿಕ್ಕ ತುಂಡುಗಳ ಲೆಕ್ಕ ಬರೆಯಲು 32 ಬಿಟ್ ಅಷ್ಟೇ ಜಾಗ. ಅಂದರೆ ಸುಮಾರು 429 ಕೋಟಿ ಸೆಕ್ಟರ್‌ವರೆಗೆ ಎಣಿಸಬಹುದು. ಒಂದು ಸೆಕ್ಟರಿಗೆ 512 ಬೈಟ್ ಹಿಡಿದರೆ ಸರಿಯಾಗಿ 2048 ಜಿಬಿಗೆ ಲೆಕ್ಕ ಮುಗಿಯುತ್ತದೆ. ಡಿಸ್ಕನ್ನು ಮೊದಲ ಸಲ ಜೋಡಿಸಿದಾಗ ಎಂಬಿಆರ್ ಬೇಕೋ, ಈ ಮಿತಿಯಿಲ್ಲದ ಹೊಸ ಪದ್ಧತಿಯಾದ ಜಿಪಿಟಿ ಬೇಕೋ ಎಂದು ವಿಂಡೋಸ್ ಕೇಳುತ್ತದೆ. ಆಗ ಯಾರೋ ಎಂಬಿಆರ್ ಒತ್ತಿದ್ದಾರೆ. ಬೂದು ಚೌಕದ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಅದರಲ್ಲಿ ವಾಲ್ಯೂಮ್ಸ್ ನೋಡಿದರೆ ಗೊತ್ತಾಗುತ್ತದೆ.

ಜಿಪಿಟಿಗೆ ಬದಲಿಸಿದರೆ ಮುಗಿಯಿತು. ಆದರೆ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಅದನ್ನು ಮಾಡಲು ಡಿಸ್ಕ್ ಖಾಲಿ ಇರಬೇಕು. ಹಾಗಾಗಿ ಇನ್ನೊಂದು ಡಿಸ್ಕ್ ಕೊಂಡಾದರೂ ಸರಿ, ಯಾರ ಹತ್ತಿರವಾದರೂ ತಂದಾದರೂ ಸರಿ, ವಿಡಿಯೊಗಳನ್ನೆಲ್ಲ ಕಾಪಿ ಮಾಡಿ. ಎರಡೂ ಕಡೆ ಫೋಲ್ಡರಿನ ಪ್ರಾಪರ್ಟೀಸ್ ತೆರೆದು ಫೈಲುಗಳ ಸಂಖ್ಯೆ, ಬೈಟ್ ಲೆಕ್ಕ ತಾಳೆ ನೋಡಿ. ನಾಲ್ಕಾರು ವಿಡಿಯೊ ತೆರೆದು, ನಡುವೆ, ಕೊನೆಯಲ್ಲಿ ಓಡಿಸಿ ನೋಡಿ. ಆಮೇಲೆ ಹಳೆಯ ವಾಲ್ಯೂಮ್ ಡಿಲೀಟ್ ಮಾಡಿ, ಬೂದು ಚೌಕದ ಮೇಲೆ ರೈಟ್ ಕ್ಲಿಕ್ ಮಾಡಿ ‘ಕನ್ವರ್ಟ್ ಟು ಜಿಪಿಟಿ ಡಿಸ್ಕ್’ ಆರಿಸಿ, ಎನ್‌ಟಿಎಫ್‌ಎಸ್‌ನಲ್ಲಿ ಹೊಸ ವಾಲ್ಯೂಮ್ ಮಾಡಿ. ವಿಂಡೋಸ್ ಬೇರೆ ಡಿಸ್ಕಿನಲ್ಲಿದ್ದು ಇದರಲ್ಲಿ ಬರೀ ವಿಡಿಯೊ ಇಡುವುದಾದರೆ ಹಳೆಯ ಮದರ್‌ಬೋರ್ಡ್ ಆದರೂ ತೊಂದರೆ ಇಲ್ಲ.

ಡೇಟಾ ತೆಗೆಯದೆಯೇ ಬದಲಿಸಿ ಕೊಡುವ ಸಾಫ್ಟ್‌ವೇರ್‌ಗಳೂ ಸಿಗುತ್ತವೆ. ಬಹಳ ಸಲ ಕೆಲಸವನ್ನೂ ಮಾಡುತ್ತವೆ. ಆದರೆ ನಡುವೆ ಕರೆಂಟ್ ಹೋದರೆ? ಒಬ್ಬರ ಧಾರೆಯ ಮುಹೂರ್ತವನ್ನು ಮತ್ತೆ ಶೂಟ್ ಮಾಡಲಾಗುವುದಿಲ್ಲ. ಇನ್ನೊಂದು ಕಾಪಿ ಇಲ್ಲದಿದ್ದರೆ ಅವುಗಳ ತಂಟೆಗೇ ಹೋಗಬೇಡಿ.

ಅಕಸ್ಮಾತ್ ಬೂದು ಚೌಕದಲ್ಲೇ 3726ರ ಬದಲು 1678 ಜಿಬಿ ಅಂತಿದ್ದರೆ ವಿಷಯ ಬೇರೆ. ಹಳೆಯ ಸ್ಟೋರೇಜ್ ಡ್ರೈವರ್ (ವಿಂಡೋಸಿಗೂ ಡಿಸ್ಕಿಗೂ ನಡುವಿನ ಸಾಫ್ಟ್‌ವೇರ್) 2048 ಮುಗಿದ ಮೇಲೆ ಮತ್ತೆ ಸೊನ್ನೆಯಿಂದ ಎಣಿಸಿರುತ್ತದೆ. ಆಗ ಆ ಡಿಸ್ಕಿಗೆ ಹೊಸದಾಗಿ ಏನನ್ನೂ ಕಾಪಿ ಮಾಡಬೇಡಿ. ಮದರ್‌ಬೋರ್ಡ್ ಕಂಪನಿಯ ವೆಬ್‌ಸೈಟಿನಿಂದ ಹೊಸ ಡ್ರೈವರ್ ಹಾಕಿಸಿ.

ಎಲ್ಲ ಸರಿಯಾದ ಮೇಲೂ ನಿಮಗೆ 4 ಕಾಣುವುದಿಲ್ಲ, 3.63 ಟಿಬಿ ಕಾಣುತ್ತದೆ. ಅದು ಮೋಸವಲ್ಲ. ಡಿಸ್ಕ್ ಕಂಪನಿಗಳು 4 ಟಿಬಿ ಅಂದರೆ 4 ಲಕ್ಷ ಕೋಟಿ ಬೈಟ್ ಎಂದು ಸಾವಿರದ ಲೆಕ್ಕ ಹಿಡಿಯುತ್ತವೆ. ವಿಂಡೋಸ್ ಅದನ್ನೇ 1024ರಿಂದ ಭಾಗಿಸುತ್ತಾ ಹೋಗುತ್ತದೆ. 1 ಟಿಬಿ ಡಿಸ್ಕ್ 931 ಜಿಬಿ ತೋರಿಸುವುದೂ ಹೀಗೇ. ಮ್ಯಾಕ್‌ನಲ್ಲಿ 2009ರಿಂದ ಸಾವಿರದ ಲೆಕ್ಕವೇ ಇದೆ, ಹಾಗಾಗಿ ಅಲ್ಲಿ ಡಬ್ಬಿ ಮೇಲಿನ ಸಂಖ್ಯೆಯೇ ಬರುತ್ತದೆ.

ಪ್ರಶ್ನೆ: ನನ್ನ ಲ್ಯಾಪ್‌ಟಾಪಿನ ಸಿ ಡ್ರೈವ್‌ನಲ್ಲಿರುವ ಫೋಲ್ಡರುಗಳನ್ನೆಲ್ಲ ಸೆಲೆಕ್ಟ್ ಮಾಡಿ ಕೂಡಿಸಿದರೂ ‘ಯೂಸ್ಡ್’ ಅಂತ ತೋರಿಸುವುದಕ್ಕಿಂತ ತುಂಬಾ ಕಡಿಮೆ ಬರುತ್ತದೆ. ವೈರಸ್ ಇರಬಹುದಾ?

ಉತ್ತರ: ವೈರಸ್ ಅಂತ ಹೆದರಬೇಡಿ. ಕಾಣದ ಫೈಲುಗಳು ನಿಮ್ಮ ಕೂಡಿಕೆಗೆ ಸಿಗುತ್ತಿಲ್ಲ, ಅಷ್ಟೇ. ಕಂಪ್ಯೂಟರ್ ಹೈಬರ್ನೇಟ್ ಆಗುವಾಗ ರ‍್ಯಾಮಿನಲ್ಲಿದ್ದದ್ದನ್ನು ಬರೆದಿಡುವ ಹೈಬರ್ನೇಟ್ ಫೈಲ್ ಒಂದೇ ರ‍್ಯಾಮಿನ ಸುಮಾರು 40 ಶೇಕಡಾ ಜಾಗ ಹಿಡಿಯಬಹುದು. ರ‍್ಯಾಮ್ ಸಾಲದಾಗ ಬಳಸುವ ಪೇಜ್ ಫೈಲ್, ಹಿಂದಿನ ಸ್ಥಿತಿಯನ್ನು ಉಳಿಸಿಡುವ ರಿಸ್ಟೋರ್ ಪಾಯಿಂಟುಗಳು ಬೇರೆ. ವಿನ್‌ಡರ್‌ಸ್ಟ್ಯಾಟ್ ಎಂಬ ಉಚಿತ ಸಾಫ್ಟ್‌ವೇರನ್ನು ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಕೊಟ್ಟು ಓಡಿಸಿ, ದೊಡ್ಡವು ಮೊದಲು ಬರುವಂತೆ ಸಾಲಾಗಿ ತೋರಿಸುತ್ತದೆ. ಸಿಸ್ಟಮ್ ಫೈಲುಗಳನ್ನು ಕೈಯಾರೆ ಡಿಲೀಟ್ ಮಾಡಲು ಹೋಗಬೇಡಿ. ರಿಸ್ಟೋರ್ ಪಾಯಿಂಟುಗಳೇ ಜಾಸ್ತಿ ತಿಂದಿದ್ದರೆ ಸಿಸ್ಟಮ್ ಪ್ರೊಟೆಕ್ಷನ್‌ನಲ್ಲಿ ಕಾನ್ಫಿಗರ್ ಒತ್ತಿ ಮಿತಿ ಇಳಿಸಬಹುದು. ಪೂರ್ತಿ ಆಫ್ ಮಾಡಬೇಡಿ, ಅಪ್‌ಡೇಟ್ ಕೈಕೊಟ್ಟಾಗ ಹಿಂದಿನ ಸ್ಥಿತಿಗೆ ಮರಳಲು ಅದು ಬೇಕಾಗುತ್ತದೆ.