ಎಷ್ಟು ಪ್ಯಾಚ್ ಕಳುಹಿಸಿದರೆ ಕಮಿಟರ್?

(ಕನ್ನಡ ಪಠ್ಯದ ಕಾಗುಣಿತ ತಪ್ಪುಗಳನ್ನು ಹುಡುಕುವ ಮುಕ್ತ ತಂತ್ರಾಂಶವೊಂದನ್ನು ಒಬ್ಬರೇ ನೋಡಿಕೊಳ್ಳುತ್ತಿರುವ ಶಿರಸಿಯ ಓದುಗರು ಬರೆದ ಪತ್ರದ ಸಾರ: ತಂತ್ರಾಂಶಕ್ಕೆ ಇಪ್ಪತ್ತಕ್ಕೂ ಹೆಚ್ಚು ಪ್ಯಾಚ್, ಅಂದರೆ ತಿದ್ದುಪಡಿ, ಕಳುಹಿಸಿರುವ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ತನ್ನನ್ನು ಕಮಿಟರ್, ಅಂದರೆ ಬದಲಾವಣೆಗಳನ್ನು ತಂತ್ರಾಂಶಕ್ಕೆ ನೇರವಾಗಿ ಸೇರಿಸುವ ಹಕ್ಕುಳ್ಳವನನ್ನಾಗಿ ಮಾಡುವಂತೆ ಕೇಳಿದ್ದಾನೆ. ಪ್ರೌಢಶಾಲಾ ಶಿಕ್ಷಕಿಯೊಬ್ಬರ ಪ್ಯಾಚ್‌ಗಳು ಐದಾರು ಮಾತ್ರ. ಆದರೆ ಇತರರ ಪ್ಯಾಚ್‌ಗಳನ್ನು ಓದಿ ಅವರು ತಪ್ಪು ತೋರಿಸುತ್ತಾರೆ. ‘ಇಷ್ಟು ಪ್ಯಾಚ್ ಆದರೆ ಕಮಿಟರ್ ಎಂದು ಸಂಖ್ಯೆ ಗೊತ್ತುಮಾಡಿದರೆ ಯಾರಿಗೂ ಬೇಸರವಾಗದಲ್ಲವೇ?’)

ಮಾನ್ಯರೆ,

ಸಂಖ್ಯೆ ಗೊತ್ತುಮಾಡಿದರೆ ನಿಮ್ಮ ಮುಜುಗರ ತಪ್ಪುತ್ತದೆ ಎಂಬುದು ನಿಜ, ಆದರೂ ಆ ದಾರಿ ಬೇಡವೆಂದೇ ನನ್ನ ಸಲಹೆ. ಕಮಿಟ್ ಹಕ್ಕು ಪಡೆದವರು ಮುಖ್ಯವಾಗಿ ಮಾಡಬೇಕಾದದ್ದು ಬೇರೆಯವರ ಬದಲಾವಣೆಯನ್ನು ಒಳಗೆ ಬಿಟ್ಟುಕೊಳ್ಳಬೇಕೋ ಬೇಡವೋ ಎಂಬ ತೀರ್ಮಾನ. ಹಾಗಾಗಿ ಒಬ್ಬರು ಎಷ್ಟು ಬರೆದರು ಎಂಬುದಕ್ಕಿಂತ, ಯಾವುದನ್ನು ಏಕೆ ಬೇಡವೆಂದರು ಮತ್ತು ತಮ್ಮ ಪ್ಯಾಚನ್ನು ಬೇಡವೆಂದಾಗ ಹೇಗೆ ನಡೆದುಕೊಂಡರು ಎಂಬುದನ್ನು ನೋಡಬೇಕು.

ನೀವೇ ವಿವರಿಸಿರುವ ಪ್ರಸಂಗವನ್ನು ತೆಗೆದುಕೊಳ್ಳೋಣ. ಪದಗಳನ್ನು ಪರೀಕ್ಷಿಸುವ ಮೊದಲು ಪಠ್ಯದಲ್ಲಿರುವ ‘ಕಣ್ಣಿಗೆ ಕಾಣದ ಕಸ’ವನ್ನೆಲ್ಲ ತೆಗೆದುಹಾಕುವ ಪ್ಯಾಚೊಂದನ್ನು ವಿದ್ಯಾರ್ಥಿ ಕಳುಹಿಸಿದ, ಟೆಸ್ಟ್‌ಗಳೆಲ್ಲ ಪಾಸಾದವು. ಆ ಕಸದಲ್ಲಿ ಜೀರೊ ವಿಡ್ತ್ ಜಾಯ್ನರ್ ಕೂಡ ಸೇರಿದೆ, ಅದನ್ನು ತೆಗೆದರೆ ‘ರ‍್ಯಾಂಕ್’ ಎಂಬುದು ಅರ್ಕಾವೊತ್ತಿನ ‘ರ್ಯಾಂಕ್’ ಆಗಿಬಿಡುತ್ತದೆ ಎಂದು ಶಿಕ್ಷಕಿ ಬರೆದರು. ಯುನಿಕೋಡ್‌ನಲ್ಲಿ ರಕಾರವನ್ನು ಪೂರ್ಣಾಕ್ಷರವಾಗಿಯೇ ಉಳಿಸಿ ಮುಂದಿನ ವ್ಯಂಜನವನ್ನು ಒತ್ತಾಗಿ ಮೂಡಿಸುವುದು ರಕಾರಕ್ಕೂ ವಿರಾಮಕ್ಕೂ (‘್’ ಚಿಹ್ನೆಗೂ) ನಡುವೆ ಇರುವ ಆ ಅಗೋಚರ ಸಂಕೇತವೇ ಎಂಬುದು ಅವರಿಗೆ ತಿಳಿದಿತ್ತು. ಇಂಥ ಒಂದು ರಿವ್ಯೂ ನನ್ನ ದೃಷ್ಟಿಯಲ್ಲಿ ಇಪ್ಪತ್ತು ಪ್ಯಾಚ್‌ಗಳಿಗೆ ಕಡಿಮೆಯದಲ್ಲ. ವಿದ್ಯಾರ್ಥಿ ‘ಟೆಸ್ಟ್ ಪಾಸಾಗಿದೆಯಲ್ಲ’ ಎಂದು ಮೊದಲು ವಾದಿಸಿದರೂ, ಎರಡು ದಿನಗಳ ನಂತರ ಪ್ಯಾಚನ್ನು ತಿದ್ದಿ ಆ ಪದಕ್ಕೊಂದು ಟೆಸ್ಟ್ ಸೇರಿಸಿದ್ದಾನೆ. ಇದನ್ನೂ ಅವನ ಲೆಕ್ಕಕ್ಕೆ ಜಮಾ ಮಾಡಿಕೊಳ್ಳಬೇಕು.

ಸಂಖ್ಯೆ ಕಟ್ಟಿದರೆ ಜನ ಸಂಖ್ಯೆಯನ್ನೇ ಮುಟ್ಟಲು ಹೊರಡುತ್ತಾರೆ. ನಾಲ್ಕು ಪುಲ್ ರಿಕ್ವೆಸ್ಟ್ (ಪ್ಯಾಚ್ ಸೇರಿಸಿಕೊಳ್ಳಿರೆಂಬ ಕೋರಿಕೆ) ಕಳುಹಿಸಿದವರಿಗೆ ಟೀ ಶರ್ಟ್ ಕೊಡುತ್ತಿದ್ದ ವಾರ್ಷಿಕ ಸ್ಪರ್ಧೆಯಾದ ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ 2020ರಲ್ಲಿ ರೀಡ್‌ಮಿ ಕಡತಕ್ಕೆ ಒಂದೆರಡು ಪದ ಸೇರಿಸುವ ಪ್ಯಾಚ್‌ಗಳ ಹಾವಳಿ ಎಷ್ಟಾಯಿತೆಂದರೆ, ಒಪ್ಪಿಗೆ ಸೂಚಿಸಿದ ಯೋಜನೆಗಳಿಗೆ ಮಾತ್ರ ಸ್ಪರ್ಧೆ ಅನ್ವಯವೆಂದು ಆಯೋಜಕರು ನಡುವೆಯೇ ನಿಯಮ ಬದಲಿಸಬೇಕಾಯಿತು. ಟೀ ಶರ್ಟಿಗೇ ಇಷ್ಟಾದರೆ, ಉದ್ಯೋಗದ ಸಂದರ್ಶನದಲ್ಲಿ ತೂಕವಿರುವ ‘ಕಮಿಟರ್’ ಎಂಬ ಹೆಸರಿಗೆ ಎಷ್ಟಾಗಬಹುದು!

ದೊಡ್ಡ ಯೋಜನೆಗಳು ಇದನ್ನು ಮತಕ್ಕೆ ಬಿಡುತ್ತವೆ. ಹಲವು ಮುಕ್ತ ತಂತ್ರಾಂಶ ಯೋಜನೆಗಳಿಗೆ ಆಸರೆಯಾಗಿರುವ, 1999ರಲ್ಲಿ ಆರಂಭವಾದ ಅಪಾಚೆ ಪ್ರತಿಷ್ಠಾನದಲ್ಲಿ ಹೊಸ ಕಮಿಟರ್ ಹೆಸರನ್ನು ಆಯಾ ಯೋಜನೆಯ ನಿರ್ವಹಣಾ ಸಮಿತಿ ತನ್ನೊಳಗೇ ಚರ್ಚಿಸುತ್ತದೆ. ಸಾಮಾನ್ಯವಾಗಿ ಕನಿಷ್ಠ ಮೂರು ಪರ ಮತಗಳು ಬೇಕು, ವೀಟೊ ಇರಬಾರದು. ಅಭ್ಯರ್ಥಿಗೆ ವಿಷಯ ತಿಳಿಯುವುದು ಆಹ್ವಾನ ಬಂದಾಗಲೇ, ಆದ್ದರಿಂದ ಹೆಸರು ಬಿದ್ದುಹೋದರೂ ಯಾರ ಮುಖಭಂಗವೂ ಆಗುವುದಿಲ್ಲ. ಪೈಥಾನ್‌ನಲ್ಲಿ (ಅದೊಂದು ಪ್ರೋಗ್ರಾಮಿಂಗ್ ಭಾಷೆ) ಕೋರ್ ತಂಡದ ಮತಗಳಲ್ಲಿ ಮೂರನೇ ಎರಡರಷ್ಟು ಪರವಾಗಿರಬೇಕು. ಇದಕ್ಕೆ ತದ್ವಿರುದ್ಧವಾಗಿ, ರೂಬಿ ಭಾಷೆಯ ರುಬಿನಿಯಸ್ ಯೋಜನೆ ಒಂದೇ ಒಂದು ಪ್ಯಾಚ್ ಸ್ವೀಕಾರವಾದವರಿಗೂ ಕಮಿಟ್ ಹಕ್ಕು ಕೊಡುತ್ತಿತ್ತು. ಅದು ಹುಚ್ಚುತನವೇನಲ್ಲ: ತಪ್ಪು ಕಮಿಟನ್ನು ಹಿಂದೆಗೆಯುವುದು ಸುಲಭ, ಉತ್ಸಾಹ ಬತ್ತಿಹೋದ ಮನುಷ್ಯನನ್ನು ಮರಳಿ ಕರೆತರುವುದು ಕಷ್ಟ.

ಹಾಗಾದರೆ ಅಪಾಯ ಎಲ್ಲಿದೆ? ಎಕ್ಸ್‌ಝಡ್ ಎಂಬ ಸಂಕೋಚನ ತಂತ್ರಾಂಶದ ಪ್ರಕರಣ ಅದನ್ನು ತೋರಿಸುತ್ತದೆ. ಅದನ್ನು ವರ್ಷಗಳಿಂದ ಬಹುಮಟ್ಟಿಗೆ ಒಬ್ಬರೇ ನೋಡಿಕೊಳ್ಳುತ್ತಿದ್ದರು, ದಣಿದಿದ್ದರು. ‘ಜಿಯಾ ಟಾನ್’ ಎಂಬ ಹೆಸರಿನಲ್ಲಿ 2021ರಿಂದ ಒಳ್ಳೆಯ ಪ್ಯಾಚ್‌ಗಳು ಬರತೊಡಗಿದವು. ಕೆಲಸ ನಿಧಾನವಾಯಿತು, ಬೇರೆಯವರಿಗೆ ವಹಿಸಿರೆಂದು ಅಪರಿಚಿತ ಖಾತೆಗಳು ಒತ್ತಡ ಹೇರಿದವು. ಕೊನೆಗೆ ಆ ಹೆಸರಿನ ವ್ಯಕ್ತಿಗೂ ಹಕ್ಕು ಸಿಕ್ಕಿತು. 2024ರಲ್ಲಿ ಬಂದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳಪ್ರವೇಶದ ಹಿಂಬಾಗಿಲು ಸೇರಿಕೊಂಡಿತ್ತು. ಎಸ್‌ಎಸ್‌ಎಚ್ ಲಾಗಿನ್ (ದೂರದ ಕಂಪ್ಯೂಟರಿಗೆ ಪ್ರವೇಶ) ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿರುವುದನ್ನು ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್ ಗಮನಿಸಿ ಬೆನ್ನುಹತ್ತಿದ್ದರಿಂದ ಅದು ಮಾರ್ಚ್ 29ರಂದು ಬಯಲಾಯಿತು. ಪ್ಯಾಚ್ ಎಣಿಸಿದ್ದರೂ ಆ ವ್ಯಕ್ತಿ ಪಾಸಾಗುತ್ತಿದ್ದ. ನಾನು ಹೇಳುತ್ತಿರುವಂತೆ ವಿವೇಚನೆ ನೋಡಿದ್ದರೂ ಬಹುಶಃ ಪಾಸಾಗುತ್ತಿದ್ದ. ಆದರೆ ಹಿಂಬಾಗಿಲನ್ನು ಚಾಲೂ ಮಾಡುವ ಬಿಲ್ಡ್ ಸ್ಕ್ರಿಪ್ಟ್ (ತಂತ್ರಾಂಶವನ್ನು ಕಟ್ಟುವ ಆದೇಶಗಳ ಕಡತ) ಮೂಲಸಂಕೇತದ ಸಂಗ್ರಹವಾದ ಗಿಟ್ ರೆಪೊಸಿಟರಿಯಲ್ಲಿ ಇರಲಿಲ್ಲ, ಬಿಡುಗಡೆಗೆಂದು ಕಟ್ಟಿದ ಕಡತವಾದ ಟಾರ್‌ಬಾಲ್‌ನಲ್ಲಿ ಮಾತ್ರ ಇತ್ತು. ಕಮಿಟ್ ಮಾಡುವ ಹಕ್ಕು ಬೇರೆ, ಬಿಡುಗಡೆ ಮಾಡುವ ಹಕ್ಕು ಬೇರೆ ಎಂದು ಇಡಬೇಕಾದದ್ದು ಇದಕ್ಕೇ.

ನಿಮ್ಮ ಮಟ್ಟಿಗೆ ಹೇಳುವುದಾದರೆ, ಶಿಕ್ಷಕಿಯವರಿಗೆ ಕಮಿಟ್ ಹಕ್ಕನ್ನು ಈಗಲೇ ಕೊಡಬಹುದು. ಬಿಡುಗಡೆಯ ಕೀಲಿ ಸದ್ಯಕ್ಕೆ ನಿಮ್ಮಲ್ಲೇ ಇರಲಿ, ಮತ್ತು ನಿಮ್ಮದೂ ಸೇರಿದಂತೆ ಯಾರ ಬದಲಾವಣೆಯೂ ಇನ್ನೊಬ್ಬರು ಓದದೆ ಮರ್ಜ್ ಆಗದಂತೆ ರೆಪೊಸಿಟರಿಯಲ್ಲೇ ನಿರ್ಬಂಧ ಹಾಕಿ. ಬಹುಕಾಲ ಕೆಲಸ ಮಾಡದವರ ಹಕ್ಕನ್ನು ಹಿಂದೆ ಪಡೆಯಲಾಗುವುದೆಂದು ಮೊದಲೇ ಬರೆದಿಡಿ. ಕೊಟ್ಟಮೇಲೆ ಆ ಮಾತು ಎತ್ತಿದರೆ ಅವಮಾನವೆನಿಸುತ್ತದೆ.

ವಿದ್ಯಾರ್ಥಿಗೆ ‘ಇನ್ನೂ ಸಮಯ ಬರಲಿ’ ಎಂದು ಹೇಳಿ ಕೈತೊಳೆದುಕೊಳ್ಳಬೇಡಿ. ಮುಂದಿನ ಕೆಲವು ತಿಂಗಳು ಪದಪಟ್ಟಿಗೆ ಬರುವ ಪ್ಯಾಚ್‌ಗಳನ್ನು ಮೊದಲು ಅವನೇ ಓದಿ ಅಭಿಪ್ರಾಯ ಬರೆಯಲಿ, ನೀವು ಅದರ ಮೇಲೆ ನಿಮ್ಮ ಮಾತು ಸೇರಿಸಿ. ಅವನ ತೀರ್ಮಾನವನ್ನು ನೀವು ತಿದ್ದಬೇಕಾದ ಸಂದರ್ಭಗಳು ಅಪರೂಪವಾದಾಗ ಹಕ್ಕು ಕೊಡಿ. ಅದು ಯಾವ ತಿಂಗಳೆಂದು ಈಗಲೇ ಮಾತು ಕೊಡಬೇಡಿ. ಅಂದಹಾಗೆ, ಶಿಕ್ಷಕಿಯವರಿಗೆ ಈ ಜವಾಬ್ದಾರಿ ಬೇಕೋ ಬೇಡವೋ ಎಂದು ನೀವು ಕೇಳಿದಂತಿಲ್ಲ. ಪರೀಕ್ಷೆಯ ದಿನಗಳಲ್ಲಿ ಅವರಿಗೆ ಬಿಡುವಿರದು. ಘೋಷಿಸುವ ಮೊದಲು ಖಾಸಗಿಯಾಗಿ ಬರೆದು ಕೇಳಿ.

— ಸಂಪಾದಕ