ಗ್ಯಾರಂಟಿ ಯೋಜನೆಗಳ ಮಾತೆತ್ತಿದರೆ ಅಪ್ಪನಿಗೂ ಚಿಕ್ಕಪ್ಪನಿಗೂ ಜಗಳ, ತಡೆಯೋದು ಹೇಗೆ?

ಹಬ್ಬಕ್ಕೆ ಸೇರಿದಾಗಲೆಲ್ಲ ಇಬ್ಬರೂ ಎಲೆ ಬಿಟ್ಟು ಏಳುವಷ್ಟು ಜಗಳ ಆಗುತ್ತದೆ ಅಂತ ಬರೆದಿದ್ದೀರಿ. ಹಾಗಂತ ಮನೆಯಲ್ಲಿ ರಾಜಕೀಯವೇ ಬೇಡ ಅನ್ನಬೇಡಿ. ಮಾತು ಯೋಜನೆಯನ್ನು ಬಿಟ್ಟು ಮನುಷ್ಯನ ಮೇಲೆ ಹೊರಳುವ ಗಳಿಗೆಯನ್ನು ಗುರುತಿಸಿದರೆ ಸಾಕು.

ಬಹುಪಾಲು ಅದು ಶುರುವಾಗೋದು ಒಂದು ಪದದಿಂದ. ‘ಬಿಟ್ಟಿ ಭಾಗ್ಯ’ ಅಂದ ಕೂಡಲೇ ಎದುರಿನವರ ಕಿವಿಗೆ ‘ನೀವು ಬಿಟ್ಟಿ ತಿನ್ನೋರು’ ಅಂತಲೇ ಬೀಳುತ್ತದೆ. ಅಲ್ಲಿಂದ ‘ಭಕ್ತರು’, ‘ಗುಲಾಮರು’ ಎರಡೇ ಹೆಜ್ಜೆ. ಇವಕ್ಕಿಂತ ಕೆಟ್ಟದ್ದು ‘ನಿಮ್ಮೋರು’. ‘ನಿಮ್ಮೋರು ಮಾಡಿದ್ದೇನು?’ ಅಂದರೆ, ಚಿಕ್ಕಪ್ಪ ತಮಗೇ ಇಷ್ಟವಿಲ್ಲದ ತೀರ್ಮಾನವನ್ನೂ ಸಮರ್ಥಿಸಿಕೊಳ್ಳಲೇಬೇಕಾಗುತ್ತದೆ. ಅದಕ್ಕೇ ಯೋಜನೆಯ ಹೆಸರು ಹಿಡಿದೇ ಮಾತಾಡಿಸಿ, ಒಂದು ಸಲಕ್ಕೆ ಒಂದೇ.

ಗೃಹಜ್ಯೋತಿಯನ್ನೇ ನೋಡಿ. ಒಬ್ಬರು ‘ಎಲ್ಲರಿಗೂ 200 ಯೂನಿಟ್ ಫ್ರೀ’ ಅಂತಾರೆ, ಇನ್ನೊಬ್ಬರು ‘ಸುಳ್ಳು, ನಮಗೆ ಬಿಲ್ ಬಂದಿದೆ’ ಅಂತಾರೆ. ಯೋಜನೆ ಶುರುವಾದಾಗ ಇದ್ದ ನಿಯಮ ಇಷ್ಟು: 2022-23ರ ಸರಾಸರಿ ಬಳಕೆಯ ಮೇಲೆ ಶೇ 10 ಸೇರಿಸಿದರೆ ಬರುವಷ್ಟು ಉಚಿತ, ಅದನ್ನು ಮೀರಿದ ಯೂನಿಟ್‌ಗೆ ದುಡ್ಡು, 200 ದಾಟಿದರೆ ಪೂರ್ತಿ ಬಿಲ್. ಮೊಳೆಗೆ ಸಿಕ್ಕಿಸಿದ ಕರೆಂಟ್ ಬಿಲ್ ತಂದು ಮುಂದಿಡಿ. ಇಬ್ಬರ ಕಣ್ಣೂ ಒಂದೇ ಚೀಟಿಯ ಮೇಲೆ ಬಿದ್ದಾಗ ದನಿ ತಾನಾಗೇ ಇಳಿಯುತ್ತದೆ.

ಆದರೆ ಎಲ್ಲವೂ ಚೀಟಿಯಿಂದ ತೀರುವುದಿಲ್ಲ. 2024-25ರ ರಾಜ್ಯ ಬಜೆಟ್ ಸುಮಾರು 3.71 ಲಕ್ಷ ಕೋಟಿ. ಅದರಲ್ಲಿ ಐದೂ ಗ್ಯಾರಂಟಿಗಳಿಗೆ ಸುಮಾರು 52,000 ಕೋಟಿ, ಅಂದರೆ ರೂಪಾಯಿಗೆ 14 ಪೈಸೆ. ಇಷ್ಟು ಲೆಕ್ಕ. ಆ 14 ಪೈಸೆ ರಸ್ತೆ, ನೀರಾವರಿಗೆ ಹೋಗಬೇಕಿತ್ತೋ ಹೆಂಗಸರ ಕೈಗೋ ಅನ್ನೋದು ಅವರವರ ನ್ಯಾಯ. ಈ ಎರಡನೇ ಪ್ರಶ್ನೆಗೆ ಅಂಕಿ ಎಸೆಯುತ್ತಾ ಹೋದರೆ ರಾತ್ರಿ ಹನ್ನೆರಡಾದರೂ ಮುಗಿಯದು. ‘ನಿಮಗೆ ಯಾಕೆ ಹಾಗನ್ನಿಸುತ್ತೆ ಚಿಕ್ಕಪ್ಪ?’ ಅಂತ ಕೇಳಿ, ಪೂರ್ತಿ ಹೇಳಲು ಬಿಡಿ.

ಹಿರಿಯರಿಗೆ ‘ಸಾಕು ಮಾಡಿ’ ಅಂದರೆ ಕಿಚ್ಚು ಹೆಚ್ಚುತ್ತದೆ. ‘ನೀವು ಹೇಳಿದ್ದು ನನಗೆ ಹೀಗೆ ಅರ್ಥ ಆಯ್ತು, ಸರೀನಾ?’ ಅನ್ನಿ. ಅವರು ‘ಹೌದು’ ಅಂದಮೇಲೇ ಅಪ್ಪನ ಸರದಿ. ಟಿವಿ ಚರ್ಚೆ ಆಫ್ ಆಗಿರಲಿ. ಊಟದ ಹೊತ್ತಲ್ಲಿ ಬೇಡ: ನೆಂಟರೆಲ್ಲ ನೋಡುತ್ತಿರುವಾಗ ಯಾರೂ ಮಾತು ಹಿಂತೆಗೆದುಕೊಳ್ಳುವುದಿಲ್ಲ.

ಇನ್ನೊಂದು. ಗೃಹಲಕ್ಷ್ಮಿಯ 2,000 ರೂಪಾಯಿ ಬರೋದು ಮನೆಯೊಡತಿಯ ಖಾತೆಗೆ, ಗಂಡಸರು ಜಗಳವಾಡುವಾಗ ಅವರು ಒಳಗೆ ಒಗ್ಗರಣೆ ಹಾಕುತ್ತಿರುತ್ತಾರೆ. ನಿಮ್ಮಮ್ಮನಿಗೋ ಚಿಕ್ಕಮ್ಮನಿಗೋ ಆ ಹಣ ಬರುತ್ತಿದ್ದರೆ ಕರೆದು ಕೂರಿಸಿ, ಅದು ಯಾವುದಕ್ಕೆ ಖರ್ಚಾಗುತ್ತಿದೆ ಅಂತ ಕೇಳಿ. ಯಾರ ಪರವಾಗಿಯೂ ಸಾಕ್ಷಿ ಹೇಳಿಸಬೇಡಿ.

ಇಷ್ಟಾಗಿಯೂ ‘ನಿಮ್ಮಂಥೋರಿಂದಲೇ…’ ಅಂತ ಶುರುವಾಯಿತೋ, ಎದ್ದು ಕಾಫಿ ತನ್ನಿ, ವಿಷಯ ಅಲ್ಲಿಗೇ ಬಿಡಿ. ಕೆಟ್ಟ ಮಾತು ಬಂದುಹೋಗಿದ್ದರೆ ಅಂದವರಿಂದಲೇ ಮರುದಿನ ಫೋನ್ ಮಾಡಿಸಿ: ‘ಆ ಮಾತು ಆಡಬಾರದಿತ್ತು’, ಅಷ್ಟೇ. ಅದೇ ಫೋನಲ್ಲಿ ಯೋಜನೆಯ ಸುದ್ದಿ ಎತ್ತದಂತೆ ನೋಡಿಕೊಳ್ಳಿ.